ಹಾಜರಿ ಹಾಳೆಯ ಸಹಿ ಯಾರನ್ನು ಕಾಪಾಡಲು? ಉದ್ಯಮ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉದ್ಯಮಿಗಳೇ, ಕಂಪನಿಗಳ ಆಡಳಿತ ಮಂಡಳಿಯ ಸದಸ್ಯರೇ, ಉದ್ಯಮ ಸಂಘಗಳ ಪದಾಧಿಕಾರಿಗಳೇ,

ನಮಸ್ಕಾರ.

ನಾನು ಹದಿನೇಳು ವರ್ಷಗಳಿಂದ ಕಂಪನಿಗಳ ಮಾರಾಟ ಮತ್ತು ಗ್ರಾಹಕ ಸೇವಾ ವಿಭಾಗಗಳಲ್ಲಿ ತರಬೇತಿ ಕೊಡುತ್ತಾ ಬಂದವನು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ದಿನ ಬಂದು ಕೂರುವುದು ನನ್ನ ಕೋಣೆಯಲ್ಲಿ. ನಿಮ್ಮನ್ನು ಅವರು ಇಂಡಕ್ಷನ್ ವಿಡಿಯೋದಲ್ಲಿ ಎರಡು ನಿಮಿಷ ನೋಡುತ್ತಾರೆ, ಆಮೇಲೆ ಮೂರು ನಾಲ್ಕು ದಿನ ನಿಮ್ಮ ಪರವಾಗಿ ಮಾತಾಡುವುದು ನಾನು. ನಿಮ್ಮ ಹೆಸರಿನಲ್ಲಿ ಇಷ್ಟು ವರ್ಷ ಮಾತಾಡಿದವನಿಗೆ ನಿಮ್ಮನ್ನು ಒಂದು ಮಾತು ಕೇಳುವ ಹಕ್ಕಿದೆ ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿ ತಿಂಗಳ ಚಂದಾದ ಮೇಲೆ ಸೇವೆ ಕೊಡುತ್ತಿತ್ತು. "ಬೇಡವಾದರೆ ಯಾವಾಗ ಬೇಕಾದರೂ ನಿಲ್ಲಿಸಿ, ಒಂದು ಫೋನ್ ಸಾಕು" ಎಂದು ಅದರ ಜಾಹೀರಾತು ಹೇಳುತ್ತಿತ್ತು. ಆ ಫೋನ್ ಎತ್ತುವ ಹುಡುಗ ಹುಡುಗಿಯರಿಗೆ ನಾನು ಕಲಿಸಬೇಕಾಗಿದ್ದದ್ದು, ನಿಲ್ಲಿಸಲು ಬಂದವರು ನಿಲ್ಲಿಸದೆ ಹೋಗುವಂತೆ ಮಾಡುವುದು ಹೇಗೆ ಎಂದು. ಮೂರು ದಿನ ರೋಲ್ ಪ್ಲೇ. ಒಬ್ಬರು ಗ್ರಾಹಕ, ಇನ್ನೊಬ್ಬರು ಏಜೆಂಟ್. ಮೊದಲ ಸಲ ಬೇಡ ಅಂದರೆ ಕಾರಣ ಕೇಳಬೇಕು. ಎರಡನೆಯ ಸಲ ಅಂದರೆ ರಿಯಾಯಿತಿ ಹೇಳಬೇಕು. ಮೂರನೆಯ ಸಲ ಅಂದರೆ "ಸದ್ಯಕ್ಕೆ ತಡೆಹಿಡಿಯುತ್ತೇವೆ" ಎನ್ನಬೇಕು. ರದ್ದು ಎಂಬ ಪದ ಏಜೆಂಟನ ಬಾಯಿಂದ ಮಾತ್ರ ಬರಕೂಡದು. ಎರಡನೆಯ ದಿನ ಮಧ್ಯಾಹ್ನ ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿ, "ಸರ್, ಅವರಿಗೆ ನಿಜವಾಗ್ಲೂ ಬೇಡ ಅಂತಿದ್ರೆ ಏನ್ ಮಾಡ್ಲಿ?" ಎಂದು ಕೇಳಿದ. ನನ್ನ ಕೈಯಲ್ಲಿದ್ದ ತರಬೇತಿ ಕೈಪಿಡಿಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. "ಅದನ್ನ ನಿಮ್ಮ ಟೀಮ್ ಲೀಡರ್ ಹೇಳ್ತಾರೆ" ಎಂದೆ. ಅವನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಗ್ರಾಹಕರೊಂದಿಗೆ ಪ್ರಾಮಾಣಿಕವಾಗಿ ನಡೆದುಕೊಳ್ಳುವ ಪಾಠ ಇದ್ದದ್ದು ಕೊನೆಯ ದಿನ ಸಂಜೆ. ಹನ್ನೊಂದು ಸ್ಲೈಡು, ನಲವತ್ತು ನಿಮಿಷ. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಪಾಠ ಮುಗಿಯುತ್ತಲೇ ಹಾಜರಿ ಹಾಳೆ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಯಿತು. "ಮೇಲಿನ ವಿಷಯಗಳನ್ನು ಓದಿ, ಅರ್ಥಮಾಡಿಕೊಂಡಿದ್ದೇನೆ" ಎಂಬ ಸಾಲಿನ ಕೆಳಗೆ ಇಪ್ಪತ್ತಾರು ಜನ ಸಹಿ ಹಾಕಿದರು.

ಎಂಟು ತಿಂಗಳ ನಂತರ ಒಂದು ಕರೆಯ ಧ್ವನಿಮುದ್ರಣ ಹೊರಗೆ ಬಂತು. ವಯಸ್ಸಾದ ಗ್ರಾಹಕಿಯೊಬ್ಬರು ಗಂಡ ತೀರಿಕೊಂಡಿದ್ದಾರೆ, ಈ ಸೇವೆ ಇನ್ನು ಬೇಡ ಎಂದು ಹೇಳುತ್ತಿದ್ದರು. ಅವರು ಮೂರು ಸಲ ಬೇಡ ಎಂದರು. ಕರೆ ಮುಗಿದಾಗ ಅವರ ಚಂದಾ ಇನ್ನೊಂದು ವರ್ಷಕ್ಕೆ ಮುಂದುವರಿದಿತ್ತು. ಧ್ವನಿ ಆ ಹಿಂದಿನ ಸಾಲಿನ ಹುಡುಗನದು. ಮಾತುಗಳು ನಾನು ಕಲಿಸಿದವು, ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಇದು ಒಬ್ಬ ಉದ್ಯೋಗಿಯ ವೈಯಕ್ತಿಕ ಲೋಪ, ನಮ್ಮ ಎಲ್ಲ ಸಿಬ್ಬಂದಿಗೂ ನೈತಿಕ ನಡವಳಿಕೆಯ ತರಬೇತಿ ಕೊಟ್ಟಿದ್ದೇವೆ ಎಂದು ಕಂಪನಿ ಹೇಳಿಕೆ ಕೊಟ್ಟಿತು. ಎಚ್‌ಆರ್‌ನಿಂದ ನನಗೆ ಫೋನ್ ಬಂತು: ಆ ಬ್ಯಾಚಿನ ಹಾಜರಿ ಹಾಳೆ ಸ್ಕ್ಯಾನ್ ಮಾಡಿ ಕಳಿಸಿ. ಕಳಿಸಿದೆ. ಆ ವಾರವೇ ಹುಡುಗನನ್ನು ಕೆಲಸದಿಂದ ತೆಗೆದರು. ಆ ಮಾತುಗಳನ್ನು ಬರೆದಿಟ್ಟ ಸ್ಕ್ರಿಪ್ಟು ಇನ್ನೂ ಆರು ತಿಂಗಳು ನಡೆಯಿತು.

ನಾನು ಆ ಹಾಳೆಯನ್ನು ಕಳಿಸಬಾರದಿತ್ತು. ಕಳಿಸಲೇಬೇಕಿದ್ದರೆ ಜೊತೆಗೆ ಸ್ಕ್ರಿಪ್ಟನ್ನೂ ಲಗತ್ತಿಸಬೇಕಿತ್ತು. ಅದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಇದು ಒಂದು ಕಂಪನಿಯ, ಒಂದು ಸಂಜೆಯ ಕತೆಯಾಗಿದ್ದರೆ ನಿಮ್ಮೆಲ್ಲರ ಸಮಯ ತೆಗೆದುಕೊಳ್ಳುತ್ತಿರಲಿಲ್ಲ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಉತ್ಪನ್ನ ಮಾರಬೇಕು ಎಂಬುದು ಅಲ್ಲಿನ ಗುರಿಯಾಗಿತ್ತು. ಗುರಿ ಮುಟ್ಟಲು ಶಾಖೆಗಳ ನೌಕರರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಾಗಲೇ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ತರಬೇತುದಾರನಾದ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಗ್ರಾಹಕರ ಒಪ್ಪಿಗೆ ಇಲ್ಲದೆ ಖಾತೆ ತೆರೆಯಬೇಡಿ ಎಂದು ಆ ನೌಕರರಿಗೆ ಕಾರ್ಯಾಗಾರ ಮಾಡಿ ಹೇಳಲಾಗಿತ್ತು. ಬೆಳಿಗ್ಗೆ ಅದನ್ನು ಕೇಳಿಸಿಕೊಂಡವರು ಮಧ್ಯಾಹ್ನ ಶಾಖೆಗೆ ಮರಳಿದರೆ ಅಲ್ಲಿ ಅದೇ ಟಾರ್ಗೆಟ್ ಕಾಯುತ್ತಿತ್ತು. ಕಾರ್ಯಾಗಾರ ಹೇಳಿದ್ದಕ್ಕಿಂತ ಟಾರ್ಗೆಟ್ ಹೇಳಿದ್ದೇ ಅವರಿಗೆ ಪಾಠವಾಯಿತು.

ನನ್ನ ದೂರು ಇಷ್ಟೇ. ಕೆಲಸದ ಜಾಗದಲ್ಲಿ ಜನ ಏನು ಕಲಿಯಬೇಕು ಎಂಬುದನ್ನು ನೀವು ಎರಡು ಕಡೆಯಿಂದ ಕಲಿಸುತ್ತಿದ್ದೀರಿ. ನಿಜವಾದ ಪಾಠವನ್ನು ಟಾರ್ಗೆಟ್ ಮತ್ತು ಇನ್ಸೆಂಟಿವ್ ಮೂಲಕ ಕಲಿಸುತ್ತೀರಿ, ಅದಕ್ಕೆ ಯಾರ ಸಹಿಯೂ ಇಲ್ಲ. ತೋರಿಕೆಯ ಪಾಠವನ್ನು ನನ್ನಂಥವರ ಬಾಯಿಂದ ಹೇಳಿಸುತ್ತೀರಿ, ಅದಕ್ಕೆ ಎಲ್ಲರ ಸಹಿಯೂ ಇದೆ. ಏನಾದರೂ ಎಡವಟ್ಟಾದ ದಿನ ಸಹಿ ಇದ್ದ ಪಾಠ ಹೊರಗೆ ಬರುತ್ತದೆ, ಇಲ್ಲದ್ದು ಒಳಗೇ ಉಳಿಯುತ್ತದೆ.

ಮಾರುವವನಿಗೆ ಮಾತು ಕಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಪದ್ಧತಿಯನ್ನು ಕಟ್ಟಿದ್ದೇ ಉದ್ಯಮಿಗಳು. ಅಂಗಡಿಗಳಿಗೆ ಹಣದ ಲೆಕ್ಕದ ಯಂತ್ರ ಮಾರುತ್ತಿದ್ದ ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಜಾನ್ ಪ್ಯಾಟರ್ಸನ್ 1880ರ ದಶಕದಲ್ಲೇ ತನ್ನ ಮಾರಾಟಗಾರರಿಗೆ ಬಾಯಿಪಾಠ ಮಾಡಲು ಒಂದು ಕೈಪಿಡಿ ಕೊಟ್ಟ, ಮುಂದೆ ಅವರಿಗಾಗಿಯೇ ಶಾಲೆ ತೆರೆದ. ಯಂತ್ರದ ಬಗ್ಗೆ ಏನು ಹೇಳಬೇಕು, ಯಾವ ಆಕ್ಷೇಪಕ್ಕೆ ಯಾವ ಉತ್ತರ, ಎಲ್ಲವೂ ಬರೆದಿಟ್ಟಿತ್ತು. ಇವತ್ತು ಜಗತ್ತಿನ ಯಾವ ಮೂಲೆಯ ಕಂಪನಿಗೆ ಹೋದರೂ ನಾವು ಕಲಿಸುವುದು ಆ ಕೈಪಿಡಿಯ ಮೊಮ್ಮಕ್ಕಳಂಥ ಪಾಠಗಳನ್ನೇ. ಅದೇ ಕಂಪನಿ ಪ್ರತಿಸ್ಪರ್ಧಿಗಳನ್ನು ಮಾರುಕಟ್ಟೆಯಿಂದ ಓಡಿಸಲು ತನ್ನವರಿಗೆ ಬೇರೆ ಪಾಠವನ್ನೂ ಹೇಳಿಕೊಟ್ಟಿತು ಎಂಬ ಆರೋಪ ಬಂತು. 1913ರಲ್ಲಿ ಪ್ಯಾಟರ್ಸನ್ ಮತ್ತು ಅವನ ಅಧಿಕಾರಿಗಳು ಅಪರಾಧಿಗಳೆಂದು ತೀರ್ಪಾಯಿತು, ಮೇಲ್ಮನವಿಯಲ್ಲಿ 1915ರಲ್ಲಿ ಆ ತೀರ್ಪು ರದ್ದಾಯಿತು. ಆ ಅಧಿಕಾರಿಗಳಲ್ಲಿ ಒಬ್ಬನಾದ ಥಾಮಸ್ ವಾಟ್ಸನ್ ಅಲ್ಲಿಂದ ಹೊರಬಿದ್ದು ಸೇರಿದ ಕಂಪನಿಯೇ ಮುಂದೆ ಐಬಿಎಂ ಆಯಿತು. ಒಂದು ಕಂಪನಿಯ ತರಬೇತಿ ಕೋಣೆಯಲ್ಲಿ ಕಲಿತದ್ದು ಆ ಕಂಪನಿಯ ಗೇಟಿನ ಒಳಗೇ ಉಳಿಯುವುದಿಲ್ಲ. ಅಲ್ಲಿ ತಯಾರಾದವರು ಮುಂದೆ ಇಡೀ ಮಾರುಕಟ್ಟೆಯ ನಡವಳಿಕೆಯನ್ನೇ ರೂಪಿಸುತ್ತಾರೆ.

ಕಲಿಸುವುದನ್ನು ಇನ್ನೊಂದು ರೀತಿಯಲ್ಲಿ ಮಾಡಿ ತೋರಿಸಿದವರೂ ಇದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರು ಲಕ್ಷಗಟ್ಟಲೆ ಬಂದು ಸೇರಿದಾಗ, 1940ರಲ್ಲಿ ಶುರುವಾದ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಕಾರ್ಯಕ್ರಮ ಐದು ವರ್ಷಗಳಲ್ಲಿ 16 ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಕಲಿಸುವ, ಕೆಲಸ ನಡೆಸುವ ವಿದ್ಯೆ ಕಲಿಸಿತು. ಕೆಲಸ ಕಲಿಸುವವರಿಗೆ ಕೊಡುತ್ತಿದ್ದ ಜೇಬಿನ ಕಾರ್ಡಿನಲ್ಲಿ ಒಂದು ಮಾತು ಅಚ್ಚಾಗಿತ್ತು: ಕೆಲಸಗಾರ ಕಲಿತಿಲ್ಲ ಎಂದರೆ ಕಲಿಸುವವನು ಕಲಿಸಿಲ್ಲ ಎಂದರ್ಥ. ಈ ಸಾಲನ್ನು ನಾನು ಓದಿದ್ದು ಆ ಹುಡುಗ ಕೆಲಸ ಕಳೆದುಕೊಂಡ ಮೇಲೆ. ಎಂಬತ್ತು ವರ್ಷ ಹಿಂದೆ ಹೊಣೆ ಯಾರ ಮೇಲಿದೆ ಎಂದು ಇಷ್ಟು ನೇರವಾಗಿ ಬರೆದಿಟ್ಟಿದ್ದರು. ನಾವೀಗ ಅದನ್ನು ತಲೆಕೆಳಗು ಮಾಡಿದ್ದೇವೆ. ಕಲಿಸಿದ್ದೇವೆ ಎಂಬುದಕ್ಕೆ ಪುರಾವೆ ಇಟ್ಟುಕೊಂಡು, ಕಲಿಯದ ತಪ್ಪನ್ನು ಕೆಲಸಗಾರನ ತಲೆಗೆ ಕಟ್ಟುತ್ತೇವೆ.

ಯುದ್ಧದ ನಂತರ ಆ ಪಾಠಗಳು ಜಪಾನಿಗೆ ಹೋದವು. ಟೊಯೋಟಾ ಕಾರ್ಖಾನೆಯಲ್ಲಿ ಜೋಡಣೆ ಸಾಲಿನ ಮೇಲೆ ಒಂದು ಹಗ್ಗ ತೂಗುತ್ತಿತ್ತು. ಏನೋ ತಪ್ಪಾಗುತ್ತಿದೆ ಎಂದು ಕಂಡರೆ ಅಲ್ಲಿ ನಿಂತ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ತೊಂದರೆ ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಹಗ್ಗ ಎಳೆಯುವುದು ಕೆಲಸದ ಒಂದು ಭಾಗ, ಅಡ್ಡಿಯಲ್ಲ. ನನ್ನ ಕೋಣೆಯ ಹುಡುಗ ಕೈ ಎತ್ತಿದಾಗ ಅವನು ಮಾಡಿದ್ದೂ ಅದನ್ನೇ. ಮಾರಾಟದ ಸಾಲಿನಲ್ಲಿ ಅವನು ಎಳೆಯಲು ಒಂದು ಹಗ್ಗ ಇರಲಿಲ್ಲ, ಅಷ್ಟೇ.

ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ಮಾತು ಕೊಡುವುದು ಒಂದು ವಿಭಾಗ, ಆ ಮಾತಿಗೆ ಉತ್ತರ ಹೇಳುವುದು ಇನ್ನೊಂದು ವಿಭಾಗ. ಇಬ್ಬರೂ ಮುಖಾಮುಖಿ ಕೂರುವುದೇ ಇಲ್ಲ. ಜಾಹೀರಾತು ಬರೆಯುವವರಿಗೆ ಬರುವುದು ಪ್ರಶಸ್ತಿ, ಫೋನ್ ಎತ್ತುವವರಿಗೆ ಬರುವುದು ಬೈಗುಳ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬ ಆರೋಪದ ಮೇಲೆ ಅಮೆಜಾನ್ ಕಂಪನಿ 2025ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆಂದು ಒಪ್ಪಲಿಲ್ಲ. ಅಷ್ಟು ದೊಡ್ಡ ಮೊತ್ತ ತೆರಲು ಶಕ್ತಿ ಇಲ್ಲದ ಸಾವಿರಾರು ಕಂಪನಿಗಳು ಅದನ್ನೇ ಸಣ್ಣದಾಗಿ ಮಾಡುತ್ತಿವೆ ಎಂದು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಕೊಟ್ಟ ಮಾತು ಸುಳ್ಳಾದರೆ ಅದನ್ನು ತಿದ್ದಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಸಿಗರೇಟು ಕಂಪನಿಗಳ ಕತೆ ಸಾಕು. 1954ರ ಜನವರಿ 4ರಂದು ಅಮೆರಿಕದ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವು ಒಟ್ಟಾಗಿ ಒಂದು ಜಾಹೀರಾತು ಹಾಕಿದವು. ಜನರ ಆರೋಗ್ಯವೇ ನಮ್ಮ ಮೊದಲ ಹೊಣೆ, ನಮ್ಮ ಉತ್ಪನ್ನ ಹಾನಿಕರವಲ್ಲ ಎಂದು ನಂಬಿದ್ದೇವೆ ಎಂಬ ಮಾತು ಅದರಲ್ಲಿತ್ತು. 2006ರಲ್ಲಿ ನ್ಯಾಯಾಲಯ ಆ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿವೆ ಎಂದು ತೀರ್ಪು ಕೊಟ್ಟಿತು. ತಿದ್ದುಪಡಿಯ ಜಾಹೀರಾತುಗಳು ಪತ್ರಿಕೆಯಲ್ಲಿ ಬರಲು ಶುರುವಾದದ್ದು 2017ರ ನವೆಂಬರಿನಲ್ಲಿ. ಮೊದಲ ಮಾತಿಗೂ ತಿದ್ದುಪಡಿಗೂ ನಡುವೆ ಅರವತ್ತಮೂರು ವರ್ಷ. ಆ ಅರವತ್ತಮೂರು ವರ್ಷವೂ ಆ ಕಂಪನಿಗಳಲ್ಲಿ ಯಾರೋ ಒಬ್ಬ ತರಬೇತುದಾರ ಹೊಸಬರಿಗೆ ಏನು ಉತ್ತರ ಕೊಡಬೇಕೆಂದು ಕಲಿಸುತ್ತಲೇ ಇದ್ದನಲ್ಲ ಎಂದು ಯೋಚಿಸುವಾಗ ನನಗೆ ನನ್ನದೇ ಮುಖ ಕಾಣುತ್ತದೆ.

ಕೆಲಸಗಾರರಿಗೆ ರಾಜಕೀಯವನ್ನೂ ಹೇಳಿಕೊಡಲು ಹೊರಡುವ ಕಂಪನಿಗಳಿವೆ. ಅದಕ್ಕೂ ತರಬೇತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೆನ್ರಿ ಫೋರ್ಡ್ 1914ರಲ್ಲಿ ದಿನಗೂಲಿಯನ್ನು ಐದು ಡಾಲರ್‌ಗೆ ಏರಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಆ ಕೂಲಿಗೆ ಅರ್ಹರೇ ಎಂದು ನೋಡಲು ಕಂಪನಿಯವರು ಕೆಲಸಗಾರರ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸಲು ಕಂಪನಿ ಶಾಲೆಯನ್ನೂ ನಡೆಸಿತು. ಭಾಷೆ ಕಲಿತದ್ದು ಒಳ್ಳೆಯದೇ, ಅದರಿಂದ ಎಷ್ಟೋ ಜನರ ಬದುಕು ಹಸನಾಗಿರಬಹುದು. ಆದರೆ ಆ ಶಾಲೆಯ ಪದವಿ ಸಮಾರಂಭದಲ್ಲಿ ಕೆಲಸಗಾರರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ವೇದಿಕೆಯ ಮೇಲಿನ ಒಂದು ದೊಡ್ಡ ಕೊಪ್ಪರಿಗೆಗೆ ಇಳಿದು, ಅಮೆರಿಕನ್ ಉಡುಪಿನಲ್ಲಿ, ಕೈಯಲ್ಲಿ ಬಾವುಟ ಹಿಡಿದು ಹೊರಗೆ ಬರಬೇಕಿತ್ತು. ಕೆಲಸಗಾರ ಎಂಥ ಪ್ರಜೆಯಾಗಬೇಕು ಎಂಬುದನ್ನೂ ಸಂಬಳ ಕೊಡುವವನೇ ಕಲಿಸಲು ಹೊರಟಿದ್ದ.

ಈಗ ಕೊಪ್ಪರಿಗೆ ಬೇಕಿಲ್ಲ, ಆ್ಯಪ್ ಸಾಕು. ಬಾಡಿಗೆ ಸವಾರಿ ಮತ್ತು ಮನೆಗೆ ತಲುಪಿಸುವ ಸೇವೆಯ ಕಂಪನಿಗಳು 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಚಾಲಕರನ್ನು ಉದ್ಯೋಗಿಗಳೆಂದು ಪರಿಗಣಿಸಬಾರದು ಎಂಬ ಪ್ರಸ್ತಾವವನ್ನು ಜನಮತಕ್ಕೆ ಇಟ್ಟವು, ಪ್ರಚಾರಕ್ಕೆ 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದವು, ಗೆದ್ದವು. ಚಾಲಕರು ಕೆಲಸಕ್ಕೆಂದು ತೆರೆಯುವ ಆ್ಯಪ್‌ನಲ್ಲೇ ಆ ಪ್ರಚಾರದ ಸಂದೇಶಗಳು ಬರುತ್ತಿದ್ದವು. ಆ ಪ್ರಸ್ತಾವ ಸರಿಯೋ ತಪ್ಪೋ ಎಂದು ನಾನು ಇಲ್ಲಿ ವಾದಿಸುತ್ತಿಲ್ಲ. ಮುಂದಿನ ಸವಾರಿ ಯಾವ ಕಿಟಕಿಯಿಂದ ಬರುತ್ತದೋ ಅದೇ ಕಿಟಕಿಯಿಂದ ಮತದ ಸಲಹೆಯೂ ಬಂದರೆ, ಅದನ್ನು ಸಲಹೆ ಎಂದು ತೆಗೆದುಕೊಳ್ಳುವ ಧೈರ್ಯ ಎಷ್ಟು ಜನರಿಗಿರುತ್ತದೆ? ಚುನಾವಣೆಯ ಹೊತ್ತಿನಲ್ಲಿ ನನ್ನ ಕೋಣೆಗೂ ಅಂಥ ಎರಡು ಸ್ಲೈಡು ಬಂದಿದ್ದವು, 'ನಮ್ಮ ಕ್ಷೇತ್ರಕ್ಕೆ ಯಾವ ನೀತಿ ಒಳ್ಳೆಯದು' ಎಂಬ ತಲೆಬರಹದಲ್ಲಿ. ಅವನ್ನು ನಾನು ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಬಹುಶಃ ಯಾರೂ ಗಮನಿಸಿರಲಿಕ್ಕಿಲ್ಲ, ಅಷ್ಟು ಸಲೀಸಾಗಿ ಅವು ಬಂದು ಸೇರಿಕೊಂಡಿದ್ದವು.

ನಿಮ್ಮಿಂದ ಜನ ಪಡೆದದ್ದನ್ನು ನಾನು ಮರೆತಿಲ್ಲ. ಶಾಲೆಯಲ್ಲಿ ಎದ್ದು ನಿಂತು ಒಂದು ವಾಕ್ಯ ಹೇಳಲು ನಡುಗುತ್ತಿದ್ದವರು ನಿಮ್ಮ ಕೌಂಟರಿನಲ್ಲಿ ಕೂತು ಅಪರಿಚಿತರೊಂದಿಗೆ ತಲೆ ಎತ್ತಿ ಮಾತಾಡಲು ಕಲಿತದ್ದನ್ನು ನೋಡಿದ್ದೇನೆ. ಲೆಕ್ಕ, ಕಂಪ್ಯೂಟರ್, ಸಿಟ್ಟಾದವರನ್ನು ಸಮಾಧಾನಪಡಿಸುವ ತಾಳ್ಮೆ, ಇವನ್ನೆಲ್ಲ ಕಾಲೇಜು ಕೊಡದೆ ಕೆಲಸ ಕೊಟ್ಟದ್ದು ಎಷ್ಟೋ ಜನರಿಗೆ. ವಯಸ್ಕರು ಕಲಿಯುವ ಅತಿ ದೊಡ್ಡ ಶಾಲೆ ನಿಮ್ಮ ಕೈಯಲ್ಲಿದೆ. ಅದಕ್ಕೇ ನನ್ನ ಬೇಡಿಕೆಗಳು ನಿಮ್ಮ ಮುಂದೆ.

ಮೊದಲನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತರಬೇತಿಯ ಹಾಜರಿ ಸಹಿಯನ್ನು ಯಾವುದೇ ಉದ್ಯೋಗಿಯ ವಿರುದ್ಧ ಪುರಾವೆಯಾಗಿ ಬಳಸುವುದಾದರೆ, ಅದರ ಜೊತೆ ಮೂರು ಕಾಗದ ಕಡ್ಡಾಯವಾಗಿ ಇರಲಿ: ಅವನಿಗೆ ಕೊಟ್ಟ ಸ್ಕ್ರಿಪ್ಟು, ಆ ತಿಂಗಳ ಟಾರ್ಗೆಟ್, ಆ ಟಾರ್ಗೆಟ್ ಮುಟ್ಟದಿದ್ದರೆ ಏನಾಗುತ್ತದೆ ಎಂದು ಅವನ ಮ್ಯಾನೇಜರ್ ಕಳಿಸಿದ ಸಂದೇಶಗಳು. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಆಮೇಲೆ ತಪ್ಪು ಅವನದೇ ಎನಿಸಿದರೆ ಶಿಕ್ಷಿಸಿ.

ಸ್ಕ್ರಿಪ್ಟು ಯಾವುದೇ ಇರಲಿ, "ಗ್ರಾಹಕರಿಗೆ ನಿಜವಾಗಿಯೂ ಬೇಡವೆಂದಿದ್ದರೆ ಏನು ಮಾಡಬೇಕು" ಎಂಬ ಪ್ರಶ್ನೆಗೆ ಅದರಲ್ಲೇ ಲಿಖಿತ ಉತ್ತರ ಇರಬೇಕು. ಉತ್ತರದ ಕೆಳಗೆ ಆ ವಿಭಾಗದ ಮುಖ್ಯಸ್ಥರ ಸಹಿ ಇರಬೇಕು. ಇಪ್ಪತ್ತಾರು ಜನರ ಸಹಿ ತೆಗೆದುಕೊಳ್ಳುವ ನಾವು ಇಪ್ಪತ್ತೇಳನೆಯ ಸಹಿಗೆ ಹಿಂಜರಿಯಬಾರದು. ಆ ಉತ್ತರದಂತೆ ನಡೆದು ಟಾರ್ಗೆಟ್ ತಪ್ಪಿಸಿಕೊಂಡವರ ಇನ್ಸೆಂಟಿವ್ ಕಡಿತ ಮಾಡಬಾರದು. ಹಗ್ಗ ಎಳೆದವನ ಕೂಲಿ ಕತ್ತರಿಸಿದರೆ ನಾಳೆಯಿಂದ ಯಾರೂ ಎಳೆಯುವುದಿಲ್ಲ.

ಹೊಸ ಜಾಹೀರಾತನ್ನು ಹೊರಗೆ ಬಿಡುವ ಮುನ್ನ, ಗ್ರಾಹಕರ ಕರೆ ಎತ್ತುವವರಲ್ಲಿ ಹತ್ತು ಜನರನ್ನು ಕೂರಿಸಿ ಓದಿಸಿ. ಈ ಮಾತನ್ನು ನಾವು ಉಳಿಸಿಕೊಳ್ಳಬಲ್ಲೆವೇ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಅದಕ್ಕೆ ಅರ್ಧ ದಿನ ಸಾಕು.

ತರಬೇತಿ ಕೋಣೆ ಮತ್ತು ಕೆಲಸದ ಆ್ಯಪ್‌ಗಳ ಮೂಲಕ ಯಾವ ಪಕ್ಷದ, ಯಾವ ಮಸೂದೆಯ ಪರವಾಗಿಯೂ ಸಂದೇಶ ಹೋಗಬಾರದು. ನಿಮ್ಮ ರಾಜಕೀಯ ಅಭಿಪ್ರಾಯವನ್ನು ನೀವು ಹೇಳಿ, ನಿಮ್ಮ ಹೆಸರಿನಲ್ಲಿ, ಎಲ್ಲರೂ ಕೇಳುವ ಜಾಗದಲ್ಲಿ ಹೇಳಿ. ಕಂಪನಿಯ ಹಣದಿಂದ ಯಾರಿಗೆ ಎಷ್ಟು ದೇಣಿಗೆ ಹೋಯಿತು ಎಂಬುದನ್ನು ಉದ್ಯೋಗಿಗಳು ಸುದ್ದಿಯಲ್ಲಿ ಓದಿ ತಿಳಿಯುವ ಮೊದಲು ನೀವೇ ಅವರಿಗೆ ತಿಳಿಸಿ.

ಕೊನೆಯದಾಗಿ ಹಣದ ವಿಷಯ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 1844ರಲ್ಲಿ ಇಪ್ಪತ್ತೆಂಟು ಜನ, ಹೆಚ್ಚಿನವರು ನೇಕಾರರು ಮತ್ತು ಕುಶಲಕರ್ಮಿಗಳು, ಸೇರಿ ಒಂದು ಸಹಕಾರಿ ಮಳಿಗೆ ತೆರೆದರು. ಕಲಬೆರಕೆ ಇಲ್ಲದ ಸರಕು, ಸರಿಯಾದ ತೂಕ ಎಂಬುದು ಅವರ ಮಾತು. ಮುಂದೆ ಅವರು ಉಳಿಕೆಯಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆಂದೇ ತೆಗೆದಿಡತೊಡಗಿದರು, ಗ್ರಂಥಾಲಯ ಮಾಡಿದರು, ಓದುವ ಕೋಣೆ ಮಾಡಿದರು. ಆ ಕೋಣೆಯಲ್ಲಿ ಸರಕು ಮಾರುವುದು ಹೇಗೆಂದು ಮಾತ್ರ ಕಲಿಸುತ್ತಿರಲಿಲ್ಲ. ಹಣಕಾಸು ಬಿಗಿಯಾದಾಗ ನೀವು ಮೊದಲು ಕತ್ತರಿಸುವುದು ತರಬೇತಿಯ ಬಜೆಟ್ಟನ್ನು, ಅದರಲ್ಲೂ ಮಾರಾಟಕ್ಕೆ ನೇರ ಸಂಬಂಧ ಇಲ್ಲದ ಭಾಗವನ್ನು. ಲಾಭದ ಒಂದು ಗೊತ್ತಾದ ಪಾಲನ್ನು ಕಲಿಕೆಗೆ ಎಂದು ಮೀಸಲಿಡಿ, ಏನು ಕಲಿಯಬೇಕು ಎಂಬುದನ್ನು ಕಲಿಯುವವರೇ ಅರ್ಧ ಪಾಲಾದರೂ ನಿರ್ಧರಿಸಲಿ.

ಆ ಹುಡುಗನನ್ನು ನಾನು ಹುಡುಕಿಕೊಂಡು ಹೋದೆ. ಬೇರೆ ಕೆಲಸ ಸಿಕ್ಕಿದೆ, ಫೋನಿನ ಕೆಲಸ ಅಲ್ಲ. ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ, ಅದನ್ನು ತಾಳಿಕೊಳ್ಳುವುದೇ ನನಗೆ ಕಷ್ಟವಾಯಿತು. "ಆವತ್ತು ಟೀಮ್ ಲೀಡರ್‌ನೂ ಕೇಳಿದ್ದೆ ಸರ್, ಟ್ರೈನಿಂಗಲ್ಲಿ ಹೇಳಿರ್ತಾರಲ್ಲ ಅಂದ್ರು" ಎಂದ.

ಈಗ ನನ್ನ ತರಗತಿಯ ಹಾಜರಿ ಹಾಳೆಯಲ್ಲಿ ಹೆಸರು, ದಿನಾಂಕ, ಸಹಿಯ ಪಕ್ಕದಲ್ಲಿ ನಾನೇ ಒಂದು ಹೊಸ ಅಂಕಣ ಹಾಕಿದ್ದೇನೆ: 'ಉತ್ತರ ಸಿಗದ ಪ್ರಶ್ನೆ'. ಕಳೆದ ಬ್ಯಾಚಿನಲ್ಲಿ ಮೂವತ್ತೊಂದು ಜನರ ಪೈಕಿ ಹತ್ತೊಂಬತ್ತು ಜನ ಅದನ್ನು ತುಂಬಿದ್ದಾರೆ. ಹಾಳೆಯ ಒಂದು ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೆ ಕಳಿಸಿದ್ದೇನೆ. ಆ ಹತ್ತೊಂಬತ್ತು ಪ್ರಶ್ನೆಗಳಿಗೆ ಲಿಖಿತ ಉತ್ತರ ಬಂದ ದಿನ ಮುಂದಿನ ಬ್ಯಾಚಿನ ತರಬೇತಿ ಶುರುಮಾಡುತ್ತೇನೆ.

ಇಂತಿ,
ಮಾರಾಟ ಮತ್ತು ಗ್ರಾಹಕ ಸೇವಾ ವಿಭಾಗದ ಒಬ್ಬ ತರಬೇತುದಾರ